ಮೂರನೇ ಜರಡಿ

ಕಪನೂರಿನ ನಮ್ಮ ಬೇಳಿ ಮಿಲ್ಲಿನಾಗ
ಆಡಿದ ಮಾತು ಹೊಟ್ಟಿನ ಜೊತಿ ಹಾರಿ ಹೋಗ್ತದ.
ಅದಕ್ಕ ಬರದಿಡ್ತೀನಿ,
ಹನ್ನೆರಡು ವರ್ಷ ಮಂದಿ ಲೆಕ್ಕ ಬರದ ಕೈಲೇ.

ಚನ್ನವೀರಪ್ಪ ಸಾವ್ಕಾರ್ರು ಕೆಟ್ಟವರಲ್ಲ.
ಇದನ್ನ ಮೊದಲ ಜಮಾ ಬಾಜುಕ ಬರೀತೀನಿ.
ಖಾಜಾಬೀ ಕಾಲಿಗೆ ಬೆಲ್ಟ್ ಬಡದಾಗ
ಸೋಲಾಪುರ ತನಕ ತಮ್ಮ ಕಾರಿನಾಗ ಒಯ್ದವರು.
ಮಿಲ್ಲಿನ ಹೆಣ್ಮಕ್ಕಳಿಗಂತ ದವಾಖಾನಿ ಖಾತೆ ತಗದವರು.
ಜ್ವರ, ಕೆಮ್ಮು, ಕಣ್ಣಿನ ಪೊರಿ, ಬಾಣಂತನ,
ರಸೀದಿ ತಂದ್ರ ರೊಕ್ಕ, ರಜಾಕ್ಕೂ ಪಗಾರ.
ಕೂಸು ಹುಟ್ಟಿದರ ಒಂದು ತೊಟ್ಲ,
ಹಗ್ಗಕ್ಕ ತಾವೇ ವಿಭೂತಿ ಹಚ್ಚಿ ಕೊಡ್ತಾರ.

ಜಗದೇವಿ ಮನಿಗೆ ಅಂಥ ಮೂರು ತೊಟ್ಲ ಹೋಗ್ಯಾವ.
ಮೂರೂ ಹೊಟ್ಟಿ ಕೊಯ್ದು ತಗದ ಕೂಸು.
"ನಾಕನೇದಾದ್ರ ತೊಟ್ಲ ತೂಗಾಕ ನೀ ಇರಂಗಿಲ್ಲ,
ಆಪರೇಶನ್ ಮಾಡೋಣಂದ್ರ ಮೈಯಾಗ ರಕ್ತ ಇಲ್ಲ"
ಅಂತ ಡಾಕ್ಟರ ಬಾಯಿ ಬೈದು
ಕಾಪರ್-ಟಿ ಹಾಕಿ ಕಳಿಸಿದಳು.
ರಸೀದಿ: ಎಂಟುನೂರಾ ಐವತ್ತು. ರಜಾ: ಎರಡು ದಿನ.
ಸರಕಾರಿ ದವಾಖಾನ್ಯಾಗ ಪುಕ್ಕಟ ಅಂತೀರಿ, ಖರೆ.
ಆ ಪಾಳಿಯೊಳಗ ಕರಗೋ ಹಾಜರಿ ಪುಕ್ಕಟ ಅಲ್ರಿ.

ಸಾವ್ಕಾರ್ರು ರಸೀದಿ ಓದಿ, ಮಡಚಿ, ಬಿಚ್ಚಿ, ಮತ್ತ ಮಡಚಿ
"ಇದು ಬ್ಯಾಡವ್ವ" ಅಂದರು. ನನ್ನ ಮಾರಿ ನೋಡಲಿಲ್ಲ.
"ಬರೋ ಜೀವದ ಬಾಗಲಕ್ಕ
ನಾ ರೊಕ್ಕ ಕೊಟ್ಟು ಕೀಲಿ ಹಾಕಸ್ಲೇನು?
ಆಕಿ ಹಾಕಿಸಿಕೊಳ್ಳಲಿ, ಆಕಿ ಮೈ ಅದು.
ಪೂಜಾ ಮಾಡೋ ಈ ಕೈಲೇ ಮಾಡಿಸಬ್ಯಾಡ."
ಎಡಗೈ ಚಾಚಿ ತೋರಿಸಿದರು, ಇಷ್ಟಲಿಂಗ ಹಿಡಿಯೋ ಕೈ.
ಬೆರಳು ನಡಗತಿದ್ದವು.
ಇಪ್ಪತ್ತಾರು ವರ್ಷದ ಹಿಂದ ಅದೇ ಕೈಯಾಗ
ಒಂದ ದಿನದ ಮಗಳನ್ನ ಒಯ್ದು ಮಣ್ಣಿಗಿಟ್ಟವರು.
ಆಮ್ಯಾಲ ಆ ಮನ್ಯಾಗ ಕೂಸಿನ ದನಿ ಎದ್ದಿಲ್ಲ.
ಇದು ನನಗ ಗೊತ್ತದ. ಜಗದೇವಿಗೂ ಗೊತ್ತದ.
ಗೊತ್ತಿದ್ದದ್ದು ಯಾವ ಕಾಲಮ್ಮಿಗೂ ಹೊಂದಲ್ಲ.

ಜಗದೇವಿ ವಾದ ಮಾಡಲಿಲ್ಲ.
ಒಂದು ಇಡೀ ತೊಗರಿ ಕಾಳು, ಒಂದು ಒಡದ ಬೇಳಿ
ನನ್ನ ಬುಕ್ಕಿನ ಮ್ಯಾಲ ಇಟ್ಟು ಅಂದಳು:
"ಅಕ್ಕೋರ, ಇದನ್ನ ಬಿತ್ತಿದರ ನಾಟತದ.
ಇದನ್ನ ಬಿತ್ತಿದರ ಕೊಳೀತದ.
ದಿನಾ ನೂರು ಚೀಲ ಒಡೀತೀವಿ.
ಲಾರಿಯವರ ಹೊರತು
ಯಾವ ದೇವರೂ ಬಂದು ಲೆಕ್ಕ ಕೇಳಿಲ್ಲ."
ಬೇಳಿ ಬಾಯಾಗ ಹಾಕ್ಕೊಂಡು ಹೋದಳು.
ಕಾಳು ಅಲ್ಲೇ ಬಿಟ್ಟಳು.

ನಾ ಏನ ಮಾಡಿದೆ?
ಆ ಮಾತು ಒಯ್ದು ಸಾವ್ಕಾರ್ರಿಗೆ ಹೇಳೋ ಎದಿ ನಂದಲ್ಲ.
ಮಶೀನ ಖರ್ಚಿನ ಪುಟ ತಗದು
"ಮೂರನೇ ಜರಡಿ ರಿಪೇರಿ, ೮೫೦" ಅಂತ ಬರದೆ.
ಸುಳ್ಳು ಬರಿಯೋ ಮುಂದ ಅಕ್ಷರ ಇಷ್ಟು ದುಂಡಗ ಬರತಾವಂತ
ಅವತ್ತ ಗೊತ್ತಾತು.
ಹೆಣ್ಣಿನ ಮೈಗೆ ಜರಡಿ ಅಂತ ಬರದೆನಲ್ಲ,
ಅದು ಈಗೂ ಚುಚ್ಚತದ.

ಶನಿವಾರ ಸಂಜೀಕ ಸಾವ್ಕಾರ್ರ ಬೆರಳು
ಸಾಲಿಂದ ಸಾಲಿಗೆ ಇಳದು ಅಲ್ಲಿ ನಿಂತಿತು.
"ಯಾವ ಜರಡಿ?"
"ಮೂರನೇದ್ರಿ."
ಕಿವಿ ಕೊಟ್ಟರು. ಮಿಲ್ಲಿನ ಒಂದೊಂದು ನಟ್ಟು
ದನಿ ಮ್ಯಾಲ ಗುರುತು ಹಿಡಿಯೋ ಮನಿಷಾ.
ಗ್ವಾಡಿ ಆಚಿಗೆ ಮೂರನೇ ಜರಡಿ
ವರ್ಷದಿಂದ ಹೆಂಗಿತ್ತೋ ಹಂಗ, ಝರ್ರ ಝರ್ರ.
ಬಾಳ ಹೊತ್ತು ಕೇಳಿದರು.
"ದನಿ ಚೊಲೋ ಅದ" ಅಂದು
ಕನ್ನಡಕ ತಗದು, ಒರಸಿ, ಬುಕ್ಕು ಮುಚ್ಚಿದರು.

ಸಹಿ ಮಾಡಿಲ್ಲ. ಕಾಟೂ ಹಾಕಿಲ್ಲ.
ಮಾರ್ಚ್ ಬರತದ, ಆಡಿಟ್ ಬರತದ.
ಆ ಕಾಳು ನನ್ನ ಗುಂಡುಸೂಜಿ ಡಬ್ಬ್ಯಾಗ ಅದ.
ಜಗದೇವಿ ಇವತ್ತ ಮತ್ತ ಬಂದು
ಬಾಗಲಿಗೆ ಒರಗಿ ಕೇಳಿದಳು,
"ಅಕ್ಕೋರ, ಆ ಎರಡು ದಿನದ ಪಗಾರ?"
ಅದಕ್ಕ
ಯಾವ ಮಶೀನಿನ ಹೆಸರು ಬರೀಲಿ?